ಕಮಿನ್ಸ್ ಎಂಜಿನ್ ಕೈಯಲ್ಲಿ ತಿರುಗಿಸಲು: ಟಾಮಿಯೋ, ಸೆಲ್ಫೋ, ಬ್ಯಾರಿಂಗ್ ಗೇರೋ?

ಮೊದಲೇ ಹೇಳಿಬಿಡುತ್ತೇನೆ, ಟ್ಯಾಪೆಟ್ ಸೆಟ್ ಮಾಡಲು (ಅಂದರೆ ವಾಲ್ವಿನ ಸಂದು ಸರಿಮಾಡಲು) ಎಂಜಿನ್ನನ್ನು ನಿಧಾನಕ್ಕೆ ತಿರುಗಿಸುವುದಕ್ಕೆ ನನ್ನ ಓಟು ಬ್ಯಾರಿಂಗ್ ಗೇರಿಗೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದದ್ದು. ಬೆಲೆ, ನಮ್ಮ ಕೋಲಾರದಲ್ಲಿ ಒಂದು ಸಲ ಟ್ಯಾಪೆಟ್ ಸೆಟ್ ಮಾಡಿಸುವ ಕೂಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ನೋಡೋಕೆ ಅಂಥದ್ದೇನೂ ಇಲ್ಲ. ಸಣ್ಣ ಶಾಫ್ಟು, ಒಂದು ತುದಿಗೆ ಗೇರು, ಇನ್ನೊಂದು ತುದಿಗೆ ಅರ್ಧ ಇಂಚಿನ ರಾಚೆಟ್ ಕೂರುವ ಚೌಕ ತೂತು. ಫ್ಲೈವೀಲ್ ಹೌಸಿಂಗ್‌ನ ಮುಚ್ಚಳ ತೆಗೆದು ಒಳಗೆ ತೂರಿಸಿದರೆ ಫ್ಲೈವೀಲ್ ಸುತ್ತಲಿನ ಹಲ್ಲಿನ ಬಳೆಗೆ, ಅಂದರೆ ರಿಂಗ್ ಗೇರಿಗೆ, ಕಚ್ಚಿಕೊಳ್ಳುತ್ತದೆ.

ನನ್ನದು ಹತ್ತು ಚಕ್ರದ ಹಳೆ ಟಾಟಾ, 6ಬಿಟಿ ಕಮಿನ್ಸ್ ಎಂಜಿನ್ನು. ಎಪಿಎಂಸಿಯಲ್ಲಿ ಟೊಮ್ಯಾಟೊ ಸೀಸನ್ ಶುರುವಾದರೆ ಗಾಡಿಗೆ ಬಿಡುವೇ ಇರಲ್ಲ. ಅದಕ್ಕೆ ಮುಂಚೆಯೇ ಅಕ್ಕನ ಮಗನನ್ನು ಜೊತೆಗಿಟ್ಟುಕೊಂಡು ಟ್ಯಾಪೆಟ್ ಕೆಲಸ ನಾನೇ ಮುಗಿಸುತ್ತೇನೆ. ಎಂಜಿನ್ ತಣ್ಣಗಿರಬೇಕು. ಸಂದು ಇನ್‌ಲೆಟ್ ವಾಲ್ವಿಗೆ 10 ಥೌ, ಎಗ್ಸಾಸ್ಟ್‌ಗೆ 20 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು). ಗೊತ್ತಿರುವವರಿಗೆ ಇದು ಕಷ್ಟದ ಕೆಲಸವಲ್ಲ.

ಕಷ್ಟ ಇರುವುದು ಪಿನ್ನಿನಲ್ಲಿ. ಒಂದನೇ ಸಿಲಿಂಡರಿನ ಪಿಸ್ಟನ್ ಟಾಪ್‌ಗೆ, ಅಂದರೆ ತೀರಾ ಮೇಲಕ್ಕೆ, ಬಂದಿದೆಯಾ ಅಂತ ಗೊತ್ತಾಗಲು ಈ ಎಂಜಿನ್ನಿಗೆ ಒಂದು ಟೈಮಿಂಗ್ ಪಿನ್ ಕೊಟ್ಟಿದ್ದಾರೆ. ಡೀಸೆಲ್ ಪಂಪಿನ ಕೆಳಗೆ, ಗೇರ್ ಹೌಸಿಂಗ್‌ನ ಹಿಂದೆ. ಕಣ್ಣಿಗೆ ಸರಿಯಾಗಿ ಕಾಣಲ್ಲ. ಬೆರಳಲ್ಲಿ ತಡಕಿ ಒತ್ತಿ ಹಿಡಿದುಕೊಂಡಿರಬೇಕು. ಟಾಪ್ ಬಂದಾಗ ಕ್ಯಾಮ್ (ವಾಲ್ವ್ ತೆರೆಸುವ ಶಾಫ್ಟು) ಗೇರಿನ ತೂತಿಗೆ ಅದು ಬೀಳುತ್ತದೆ. ಆ ತೂತು ಪಿನ್ನಿಗಿಂತ ಸ್ವಲ್ಪವೇ ದೊಡ್ಡದು. ಎಂಜಿನ್ ಒಂಚೂರು ಮುಂದೆ ಹೋದರೂ ಪಿನ್ ಬೀಳಲ್ಲ. ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ಶಾಫ್ಟು) ಎರಡು ಸುತ್ತು ಬಂದರೆ ಕ್ಯಾಮ್ ಒಂದೇ ಸುತ್ತು. ಅಂದರೆ ತಪ್ಪಿಸಿಕೊಂಡರೆ ಮತ್ತೆ ಎರಡು ಸುತ್ತು ಹೊಡೆಯಬೇಕು. ಹಿಂದಕ್ಕೆ ತಿರುಗಿಸಿ ಹಿಡಿಯಬಹುದಲ್ವಾ ಅಂತ ಕೇಳುತ್ತಾರೆ. ಹಿಡಿಯಬಹುದು. ಆದರೆ ಗೇರುಗಳ ಸಡಿಲ ಆಗ ಉಲ್ಟಾ ಬದಿಗೆ ಬರುತ್ತದೆ. ಟ್ಯಾಪೆಟ್ಟಿಗೆ ಪರವಾಗಿಲ್ಲ, ಪಂಪ್ ಟೈಮಿಂಗ್‌ಗೆ ಆಗಲ್ಲ. ಬೇಕಾದಷ್ಟು ಹಿಂದೆ ಹೋಗಿ ಮತ್ತೆ ಮುಂದಿನ ದಿಕ್ಕಿನಲ್ಲೇ ಬಂದು ನಿಲ್ಲಿಸಬೇಕು.

ಸೆಲ್ಫ್ (ಸ್ಟಾರ್ಟರ್ ಮೋಟರ್) ಮುಟ್ಟಿ ಮುಟ್ಟಿ ತಿರುಗಿಸುವುದು ಗ್ಯಾರೇಜಿನ ಹುಡುಗರಿಗೆ ಪ್ರೀತಿ. ಡೀಸೆಲ್ ಬಂದ್ ಮಾಡಿ ಕೀಲಿ ಟಕ್ ಅನ್ನಿಸಿದರೆ ಆಯಿತು. ಆದರೆ ಒಂದು ಟಕ್‌ಗೆ ಎಷ್ಟು ತಿರುಗುತ್ತದೆ ಅಂತ ದೇವರಿಗೇ ಗೊತ್ತು. ಪಿನ್ ತೂತಿಗೆ ಬಿದ್ದ ಹೊತ್ತಿಗೇ ಸೆಲ್ಫ್ ಇನ್ನೊಂದು ಸಲ ಎಳೆದರೆ ಪಿನ್ ತುಂಡು. ರಾಕರ್ ಹತ್ತಿರ, ಬೆಲ್ಟ್ ಹತ್ತಿರ ಇನ್ನೊಬ್ಬರ ಕೈ ಇದ್ದರಂತೂ ಕೇಳಲೇಬೇಡಿ.

ಮುಂದಿನ ಪುಲ್ಲಿಗೆ ಪಾನಾ ಹಾಕಿ ತಿರುಗಿಸೋಣ ಅಂದರೆ, ಇದಕ್ಕೆ ನಡುವೆ ದೊಡ್ಡ ಬೋಲ್ಟೇ ಇಲ್ಲ. ಅಲ್ಲಿನ ಡ್ಯಾಂಪರ್ (ಅದುರು ತಡೆಯುವ ಚಕ್ರ) ಹಿಡಿದಿರುವುದು ಸುತ್ತಲಿನ 4 ಬೋಲ್ಟು. ಎರಡು ಬೋಲ್ಟಿನ ತಲೆಯ ನಡುವೆ ಟಾಮಿ (ಕಬ್ಬಿಣದ ಸರಳು) ಸಿಕ್ಕಿಸಿ ಎಳೆಯುತ್ತಾರೆ. ಫ್ಯಾನ್ ಅಡ್ಡ ಬರುತ್ತದೆ. ಕಂಪ್ರೆಶನ್ ಬಂದಾಗ ಟಾಮಿ ಜಾರಿ ಗೆಣ್ಣು ಹೋಗಿ ರೇಡಿಯೇಟರಿಗೆ ಬಡಿಯುತ್ತದೆ. ಕೈ ಬಿಟ್ಟರೆ ಎಂಜಿನ್ ವಾಪಸ್ ಒದೆಯುತ್ತದೆ.

ರಿಂಗ್ ಗೇರಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟುವುದು ಬೇಡವೇ ಬೇಡ. ಹಲ್ಲು ಚೂರಾದರೆ ಗೇರ್‌ಬಾಕ್ಸ್ ಇಳಿಸಬೇಕು. ಆಲ್ಟರ್ನೇಟರ್ ನಟ್ಟಿಗೆ ಪಾನಾ ಹಾಕಿ ತಿರುಗಿಸುವುದು: ಬೆಲ್ಟ್ ಜಾರುತ್ತದೆ. ಟಾಪ್ ಗೇರಿಗೆ ಹಾಕಿ ತಳ್ಳುವುದು: ಖಾಲಿ ಗಾಡಿ, ಸಮತಟ್ಟು ಜಾಗ, ನಾಲ್ಕು ಜನ ಇದ್ದರೆ ಸರಿ.

ಬ್ಯಾರಿಂಗ್ ಗೇರಿನಲ್ಲಿ ಹುಡುಗ ಗಾಡಿ ಕೆಳಗೆ ಮಲಗಿ ರಾಚೆಟ್ ಎಳೆಯುತ್ತಾನೆ. ಸಣ್ಣ ಗೇರು ದೊಡ್ಡ ರಿಂಗನ್ನು ತಿರುಗಿಸುವುದರಿಂದ ಕಂಪ್ರೆಶನ್ ಇದ್ದರೂ ಭಾರ ಅನ್ನಿಸಲ್ಲ. ನಾನು ಪಿನ್ ಒತ್ತಿಕೊಂಡಿರುತ್ತೇನೆ.

“ಮಾಮಾ, ಬಿತ್ತಾ?”

“ಇಲ್ಲ ಕಣೋ, ಇನ್ನೊಂದ್ ಹಲ್ಲು.”

ಅಷ್ಟು ನಿಧಾನಕ್ಕೆ ಬರುವುದರಿಂದ ಪಿನ್ ಒಳಗೆ ಸರಿದದ್ದು ಬೆರಳಿಗೇ ಗೊತ್ತಾಗುತ್ತದೆ. ಪುಲ್ಲಿಗೆ ಸೀಮೆಸುಣ್ಣದ ಗೆರೆ, ಪಿನ್ ವಾಪಸ್, ಮೊದಲ ಆರು ವಾಲ್ವ್ ಸೆಟ್. ಪೂರ್ತಿ ಒಂದು ಸುತ್ತು ಬಂದ ಮೇಲೆ ಉಳಿದ ಆರು. ಆ ಒಂದು ಸುತ್ತು ಇದೆಯಲ್ಲ, ಅದೇ ಬೇಜಾರು. ರಾಚೆಟ್ ಎಳೆದು ಎಳೆದು ಹುಡುಗನ ಭುಜ ಬೀಳುತ್ತದೆ. ಬೇಗ ಮುಗಿಯಬೇಕು ಅನ್ನುವವರಿಗೆ ಇದು ಆಗಲ್ಲ.

ಗಾಡಿ ತಳ್ಳುವುದೊಂದು ಬಿಟ್ಟು ಯಾವ ದಾರಿ ಹಿಡಿದರೂ ನ್ಯೂಟ್ರಲ್, ಚಕ್ರಕ್ಕೆ ಕಲ್ಲು, ಬ್ಯಾಟರಿ ಅರ್ತ್ ಕಳಚಿರಬೇಕು. ಸೆಲ್ಫ್ ಹೊಡೆಯುವವರಿಗೆ ಈ ಕೊನೇದು ಮಾಡೋಕಾಗಲ್ಲ, ನನಗೆ ಅದು ಸೇರದೆ ಇರುವುದಕ್ಕೆ ಅದೂ ಒಂದು ಕಾರಣ.

ನಿಮ್ಮ ಎಂಜಿನ್ನಿಗೆ ಮುಂದೆ ನಡುವೆ ದೊಡ್ಡ ಬೋಲ್ಟ್ ಇದ್ದರೆ ಸುಮ್ನೆ ದುಡ್ಡು ಹಾಕಬೇಡಿ, ಉದ್ದ ಹಿಡಿಯ ಸಾಕೆಟ್ ಸಾಕು. ಗ್ಯಾರೇಜಿಗೆ ಬಿಟ್ಟು ಬರುವವರಿಗೂ ಇದು ಬೇಕಿಲ್ಲ. ನನ್ನ ಹಾಗೆ ಕಮಿನ್ಸ್ ಇಟ್ಟುಕೊಂಡು ಮನೆ ಮುಂದೆ ಕೆಲಸ ಮಾಡುವವರು ತಗೊಳ್ಳಿ. ಆ ಹೌಸಿಂಗ್ ಮುಚ್ಚಳ ಮಾತ್ರ ವಾಪಸ್ ಹಾಕಿ, ಇಲ್ಲದಿದ್ದರೆ ರಸ್ತೆಯ ಧೂಳೆಲ್ಲ ಕ್ಲಚ್ಚಿಗೆ.