ರಾವಣ, ಚಂಡಶಾಸನ, ಅಮೃತಮತಿ: ಯಾರ ಕತೆ ಮೊದಲು ಓದಬೇಕು?

ಅರಮನೆ, ಒಮ್ಮುಖ ಪ್ರೀತಿ, ಮೋಸ, ಆಮೇಲೆ ಪಶ್ಚಾತ್ತಾಪ. ಇಂಥ ಕತೆ ಇಷ್ಟಪಡುವವರಿಗೆ ಹಳಗನ್ನಡದಲ್ಲೇ ಮೂರು ಜಬರ್ದಸ್ತು ಕತೆಗಳಿವೆ. ಮೂರನ್ನೂ ಬರೆದವರು ಜೈನ ಕವಿಗಳು. ಮಾಯೆ, ಜನ್ಮಾಂತರ ಎಲ್ಲ ಬೇಕಾದಷ್ಟಿದೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದ ಮೇಲೆ ನನಗೆ ಅನಿಸಿದ್ದನ್ನು ಹೇಳುತ್ತೇನೆ.

ಓದುವ ಕಷ್ಟ ನೋಡಿದರೆ ಅಮೃತಮತಿಯ ಕತೆ ಬರುವ ಜನ್ನನ ಯಶೋಧರ ಚರಿತೆಯೇ ಸಲೀಸು. 1209ರ ಕಾವ್ಯ. ನಾಲ್ಕೇ ಅವತಾರಗಳು (ಅಂದರೆ ಅಧ್ಯಾಯಗಳು), ಮುನ್ನೂರು ಚಿಲ್ಲರೆ ಪದ್ಯಗಳು, ಬಹುಪಾಲು ಕಂದ ಅನ್ನುವ ನಾಲ್ಕು ಸಾಲಿನ ಛಂದಸ್ಸಿನವು. ಜೋರಾಗಿ ಓದಿಕೊಂಡರೆ ಅರ್ಧ ಅರ್ಥ ತಾನಾಗೇ ಬಿಚ್ಚಿಕೊಳ್ಳುತ್ತದೆ. ಅದೇ ಜನ್ನ 1230ರಲ್ಲಿ ಬರೆದ ಅನಂತನಾಥ ಪುರಾಣ ದೊಡ್ಡದು. ಹದಿನಾಲ್ಕನೇ ತೀರ್ಥಂಕರನ ಚರಿತ್ರೆ ಅದು, ಚಂಡಶಾಸನನ ಕತೆ ಅದರೊಳಗೆ ಬರುವ ಒಂದು ಭಾಗ ಮಾತ್ರ. ನಾಗಚಂದ್ರನ ರಾಮಚಂದ್ರಚರಿತ ಪುರಾಣ, ಅಂದರೆ ಪಂಪರಾಮಾಯಣ, ಇನ್ನೂ ಹಳೆಯ ಚಂಪೂ, ಗದ್ಯ ಪದ್ಯ ಬೆರೆತ ಕಾವ್ಯ. ಟೀಕೆ, ಅಂದರೆ ಅರ್ಥವಿವರಣೆ, ಇಲ್ಲದೆ ನನ್ನಂಥವರಿಗೆ ಆಗದ ಕೆಲಸ.

ಮೋಸದ ವಿಷಯದಲ್ಲಿ ಅಮೃತಮತಿಯನ್ನು ಮೀರಿಸುವವರಿಲ್ಲ. ರಾತ್ರಿ ಮಾವುತ ಹಾಡುವುದನ್ನು ಕೇಳಿ ರಾಣಿ ಮನಸೋಲುತ್ತಾಳೆ. ದೂತಿ ಹೋಗಿ ನೋಡಿ ಬಂದು ಅವನ ಕುರೂಪವನ್ನು ವರ್ಣಿಸಿದರೂ ಕೇಳುವುದಿಲ್ಲ. ತಡವಾಗಿ ಬಂದಳೆಂದು ಅವನು ಹೊಡೆದರೆ ಅವಳು ಬೇಡಿಕೊಳ್ಳುತ್ತಾಳೆ. ಹಿಂದೆಯೇ ಬಂದ ಗಂಡ, ರಾಜ ಯಶೋಧರ ಇದನ್ನೆಲ್ಲ ನೋಡುತ್ತಾನೆ, ಕತ್ತಿ ಎತ್ತುತ್ತಾನೆ, ವೈರಿಗಳನ್ನು ಕಡಿದ ಕತ್ತಿ ಇವರಿಗೇಕೆ ಅಂತ ತಡೆದುಕೊಳ್ಳುತ್ತಾನೆ. ಮರುದಿನ ಅವನು ನೈದಿಲೆಯಿಂದ ತಟ್ಟಿದ್ದಕ್ಕೆ ಅವಳು ಮೂರ್ಛೆ ಹೋಗುತ್ತಾಳೆ! ಮೂರರಲ್ಲಿ ನನಗೆ ಜಾಸ್ತಿ ಹಿಡಿಸಿದ ಜಾಗ ಇದೇ. ಅವಳ ಮನಸ್ಸನ್ನು ಜನ್ನ ನಮಗೆ ಪೂರ್ತಿ ಬಿಟ್ಟುಕೊಡುವುದೇ ಇಲ್ಲ.

ಆದರೆ ಪಶ್ಚಾತ್ತಾಪ ಹುಡುಕಿದರೆ? ಅವಳಿಗೆ ಅದು ಇಲ್ಲವೇ ಇಲ್ಲ. ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ. ಕೊರಗುವವನು ಯಶೋಧರ, ಅದೂ ತಾಯಿಯ ಮಾತಿಗೆ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟು, ಅದು ಕೂಗಿದ್ದನ್ನು ಕೇಳಿ. ತಪ್ಪು ಒಬ್ಬರದು, ಸಂಕಟ ಇನ್ನೊಬ್ಬರದು. ಆ ಬಲಿಯ ಪಾಪಕ್ಕೆ ತಾಯಿ ಮಗ ಎತ್ತುವ ಮುಂದಿನ ಜನ್ಮಗಳ ಸಾಲು ಸ್ವಲ್ಪ ಬೇಗ ಬೇಗ ಓದಿಸಿಕೊಂಡು ಹೋಗುತ್ತದೆ, ಅಲ್ಲಿ ನನಗೇನೂ ಅಷ್ಟು ರುಚಿಸಲಿಲ್ಲ.

ಒಮ್ಮುಖ ಪ್ರೀತಿಯ ಉರಿ ಬೇಕಾದರೆ ಚಂಡಶಾಸನ. ಗೆಳೆಯ ವಸುಷೇಣನ ಮನೆಗೆ ನೆಂಟನಾಗಿ ಬರುತ್ತಾನೆ, ಅವನ ರಾಣಿ ಸುನಂದೆಯನ್ನು ನೋಡುತ್ತಾನೆ, ಹೊತ್ತೊಯ್ಯುತ್ತಾನೆ. ಅವಳು ಒಪ್ಪುವುದಿಲ್ಲ. ಗಂಡ ಸತ್ತನೆಂದು ನಂಬಿಸಲು ವಸುಷೇಣನ ತಲೆಯಂತೆ ಮಾಡಿಸಿದ ಕೃತಕ ತಲೆಯನ್ನು ತೋರಿಸುತ್ತಾನೆ. ಅವಳು ಅಲ್ಲೇ ಪ್ರಾಣ ಬಿಡುತ್ತಾಳೆ. ಇವನು ಅವಳ ಚಿತೆಗೇ ಹಾರುತ್ತಾನೆ. ತುಂಬ ಓದುಗರು ಇದನ್ನು ದೊಡ್ಡ ಪ್ರೇಮ ಅಂತ ಮೆಚ್ಚುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಬದುಕಿದ್ದಾಗ ಬೇಡ ಅಂದವಳ ಪಕ್ಕ ಚಿತೆಯಲ್ಲೂ ಜಾಗ ಮಾಡಿಕೊಂಡದ್ದು ಪಶ್ಚಾತ್ತಾಪ ಹೇಗಾಗುತ್ತದೆ? ಅದೂ ಅಪಹರಣವೇ ಅಲ್ವಾ! ಪದ್ಯಗಳ ಬಿಸಿ ಮಾತ್ರ ಸುಳ್ಳಲ್ಲ.

ಪಶ್ಚಾತ್ತಾಪಕ್ಕೆ ನನ್ನ ಓಟು ನಾಗಚಂದ್ರನ ರಾವಣನಿಗೆ. ಇವನು ಹುಟ್ಟು ಕೆಟ್ಟವನಲ್ಲ. ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ವ್ರತ ಹಿಡಿದವನು. ನಳಕೂಬರನ ಹೆಂಡತಿ ಉಪರಂಭೆ ತಾನಾಗಿ ಬಯಸಿ ಬಂದಾಗ ಬುದ್ಧಿ ಹೇಳಿ ಗಂಡನ ಬಳಿಗೆ ಕಳಿಸಿದವನು. ಅಂಥವನೇ ಸೀತೆಗೆ ಸೋಲುತ್ತಾನೆ. ಕಡಲೂ ಒಮ್ಮೊಮ್ಮೆ ಎಲ್ಲೆ ದಾಟುವುದಿಲ್ಲವೇ ಎಂದು ಕವಿ ಅವನ ಪರವಾಗಿ ಕೇಳುತ್ತಾನೆ. ಹಲವು ರೂಪ ತಾಳುವ ಬಹುರೂಪಿಣಿ ವಿದ್ಯೆ ಗಳಿಸಿ ಸೀತೆಯನ್ನು ಬೆದರಿಸಲು ಹೋದಾಗ ಅವಳು ರಾಮನ ಚಿಂತೆಯಲ್ಲಿ ಮೂರ್ಛೆ ಹೋಗುತ್ತಾಳೆ. ಆಗ ಇವನ ಮನಸ್ಸು ತಿರುಗುತ್ತದೆ. ಅವಳು ಇನ್ನೂ ಬದುಕಿದ್ದಾಳೆ, ಕಳಿಸಿಕೊಡಲು ಸಮಯವೂ ಇದೆ. ಆದರೆ ಈಗ ಕಳಿಸಿದರೆ ಹೆದರಿದ ಅನ್ನುತ್ತಾರೆ, ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದು ಆಮೇಲೆ ಒಪ್ಪಿಸುತ್ತೇನೆ ಅಂತ ಹೊರಡುತ್ತಾನೆ. ಜೈನ ರಾಮಾಯಣದಲ್ಲಿ ಅವನನ್ನು ಕೊಲ್ಲುವವನು ಲಕ್ಷ್ಮಣ. ಸುಮ್ನೆ ಒಂದು ರಥ ಕಳಿಸಿದ್ದರೆ ಮುಗಿಯುತ್ತಿತ್ತು.

ಹೀಗಾಗಿ ಹೊಸಬರು ಯಶೋಧರ ಚರಿತೆಯಿಂದ ಶುರುಮಾಡಿ. ಅಮೃತಮತಿಯ ರಾತ್ರಿ ಎರಡನೇ ಅವತಾರದಲ್ಲಿದೆ. ಪಂಪರಾಮಾಯಣ ಪೂರ್ತಿ ಓದಲಾಗದಿದ್ದರೆ ರಾವಣ ಸೀತೆಯನ್ನು ಮೊದಲು ನೋಡುವ ಭಾಗ, ಮನಸ್ಸು ತಿರುಗುವ ಭಾಗ, ಇವೆರಡನ್ನಾದರೂ ಟೀಕೆಯ ಜೊತೆ ಓದಿ. ಹಳಗನ್ನಡವೇ ಬೇಡ ಅನ್ನುವವರಿಗೆ ಗಿರೀಶ್ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕ ಇದೆ. ರಾಜ, ರಾಣಿ, ರಾಜಮಾತೆ, ಮಾವುತ, ನಾಲ್ಕೇ ಪಾತ್ರ. ಅಲ್ಲಿಯ ರಾಣಿ ಜನ್ನನ ರಾಣಿಗಿಂತ ಜಾಸ್ತಿ ಮಾತಾಡುತ್ತಾಳೆ.