ನಾಲ್ಕು ಫಾಂಟ್ ಸಾಕು, ಒತ್ತಕ್ಷರಕ್ಕೆ ಜಾಗ ಸಾಲದು

ಕಂಪ್ಯೂಟರಿನಲ್ಲಿ ಇನ್ನೂರು ಕನ್ನಡ ಫಾಂಟ್ ಪೇರಿಸಿಟ್ಟರೂ ದಿನನಿತ್ಯದ ವಿನ್ಯಾಸ ನಡೆಯುವುದು ನಾಲ್ಕರಲ್ಲೇ: ಅನೇಕ್ ಕನ್ನಡ, ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ, ಬಾಲೂ ತಮ್ಮ 2. ನಾಲ್ಕೂ ಓಪನ್ ಫಾಂಟ್ ಲೈಸೆನ್ಸಿನವು. ಮುದ್ರಣ, ಜಾಲತಾಣ, ಆ್ಯಪ್ ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ; ಫಾಂಟ್ ಫೈಲನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೇ.

ಇವುಗಳಲ್ಲಿ ಹೆಚ್ಚು ಖುಷಿ ಕೊಡುವುದು ಅನೇಕ್. ಇದರ ದಪ್ಪ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ ಬೇಕಾದಂತೆ ಎಳೆಯಬಹುದು. ಕನ್ನಡದ ಪದಗಳು ಉದ್ದ. ಶೀರ್ಷಿಕೆ ಒಂದು ಸಾಲಿನಲ್ಲಿ ಕೂರದಿದ್ದಾಗ ಅಕ್ಷರಗಳನ್ನೇ ಅಡ್ಡಕ್ಕೆ ಹಿಸುಕುವ ಚಾಳಿ ಎಲ್ಲೆಡೆ ಇದೆ. ಹಾಗೆ ಹಿಸುಕಿದರೆ ನೆಟ್ಟಗಿನ ಗೆರೆ ತೆಳ್ಳಗಾಗುತ್ತದೆ, ಅಡ್ಡಗೆರೆ ಮೊದಲಿನಷ್ಟೇ ದಪ್ಪ ಉಳಿಯುತ್ತದೆ, ತಲೆಕಟ್ಟು ಭಾರವಾಗಿ ಎದ್ದು ಕಾಣುತ್ತದೆ. ಅನೇಕ್‌ನಲ್ಲಿ ಅಗಲವನ್ನು 100ರಿಂದ 85ಕ್ಕೆ ಇಳಿಸಿದರೆ ಗೆರೆಗಳ ಸಮತೂಕ ಕೆಡದೆ ಸಾಲು ಹಿಡಿಯುತ್ತದೆ. ಸ್ಲೈಡರ್ ಕಾಣಿಸದ ತಂತ್ರಾಂಶದಲ್ಲಿ ಜೊತೆಗೆ ಬರುವ ಸ್ಟ್ಯಾಟಿಕ್ (ದಪ್ಪ, ಅಗಲ ಮೊದಲೇ ನಿಗದಿಯಾದ) ಫೈಲುಗಳನ್ನು ಹಾಕಿಕೊಳ್ಳಿ.

ಪುಸ್ತಕದ ಒಳಪುಟಕ್ಕೆ ಟಿರೋ ಚೆಂದ. ಆದರೆ ಅದರಲ್ಲಿರುವುದು ಒಂದು ಸಾದಾ, ಒಂದು ಇಟಾಲಿಕ್, ಎರಡೇ. ಬೋಲ್ಡ್ ಗುಂಡಿ ಒತ್ತಿದಿರೋ, ತಂತ್ರಾಂಶ ಅಕ್ಷರದ ಅಂಚಿಗೆ ಮಸಿ ಬಳಿದು ಸುಳ್ಳು ಬೋಲ್ಡ್ ಮಾಡುತ್ತದೆ. ಸಣ್ಣ ಅಳತೆಯಲ್ಲಿ ಷ, ಘಗಳ ಹೊಟ್ಟೆ ಮುಚ್ಚಿಹೋಗುತ್ತದೆ. ಉಪಶೀರ್ಷಿಕೆಗೆ ನೋಟೋ ಸೆರಿಫ್‌ನ 600 ದಪ್ಪ ತೆಗೆದುಕೊಳ್ಳುವುದು ಲೇಸು. ಬಾಲೂ ಮಕ್ಕಳ ಪುಸ್ತಕದ ಮುಖಪುಟಕ್ಕೆ, ಲೇಬಲ್ಲಿಗೆ ಸರಿ. ಅದರಲ್ಲಿ ಒಂದು ಪುಟ ಓದಿಸುವುದು ಶಿಕ್ಷೆ.

ಇಷ್ಟೆಲ್ಲ ಹೊಗಳಿದ ಮೇಲೂ ನಾಲ್ಕಕ್ಕೂ ಅಂಟಿದ ಒಂದು ತಲೆನೋವಿದೆ: ಸಾಲುಗಳ ನಡುವಿನ ಅಂತರ. ತಂತ್ರಾಂಶಗಳ ಆಟೋ ಲೀಡಿಂಗ್ (ತಾನಾಗಿ ಕೊಡುವ ಸಾಲಂತರ) ಸಾಮಾನ್ಯವಾಗಿ ಅಕ್ಷರದ ಅಳತೆಯ 120%, ಅಂದರೆ 12 ಪಾಯಿಂಟ್ ಅಕ್ಷರಕ್ಕೆ 14.4. ರೋಮನ್ ಲಿಪಿಗೆ ಅದು ಸಾಕು. ನಮ್ಮ ‘ರಾಷ್ಟ್ರೀಯ’ದಲ್ಲಿ ಎರಡು ಒತ್ತು ಕೆಳಗಿಳಿಯುತ್ತವೆ, ಅದರಡಿಯ ಸಾಲಿನ ಗುಡಿಸು ಮೇಲೇರುತ್ತದೆ, ಎರಡೂ ಡಿಕ್ಕಿ. 12 ಪಾಯಿಂಟಿಗೆ 18ರಿಂದ 20 ಕೊಡಿ. ಪುಟ ಹೆಚ್ಚಾಯಿತೆಂದರೆ ಅಕ್ಷರವನ್ನು 11ಕ್ಕೆ ಇಳಿಸಿ, ಅಂತರವನ್ನು 17ಕ್ಕಿಂತ ಕೆಳಗೆ ತರಬೇಡಿ. ಜಾಲತಾಣದ ಗುಂಡಿಗಳಲ್ಲಿ ಈ ಕಾಟ ಇನ್ನೂ ಜೋರು: ಎತ್ತರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕಿದರೆ ಒತ್ತಿನ ಬಾಲ ಕತ್ತರಿಸಿಹೋಗುತ್ತದೆ. ಎತ್ತರ ಬಿಟ್ಟು ಪ್ಯಾಡಿಂಗ್ (ಅಕ್ಷರದ ಸುತ್ತ ಖಾಲಿ ಜಾಗ) ಕೊಡಿ, ಲೈನ್-ಹೈಟ್ (ಸಾಲಿನ ಎತ್ತರ) ಅಕ್ಷರದ 1.6 ಪಟ್ಟು ಇರಲಿ.

ಹಾಗಂತ ಫಾಂಟನ್ನೇ ದೂರುವುದು ಪೂರ್ತಿ ನ್ಯಾಯವಲ್ಲ. ‘ರಾಷ್‌ಟ್‌ರ’ ಎಂದು ಒತ್ತು ಕೂಡದೆ ಬಿಡಿಬಿಡಿಯಾಗಿ ಕಂಡರೆ ಕೆಟ್ಟಿರುವುದು ತಂತ್ರಾಂಶದ ಸೆಟ್ಟಿಂಗ್. ಅಡೋಬಿಯ ವಿನ್ಯಾಸ ತಂತ್ರಾಂಶಗಳಲ್ಲಿ ವರ್ಲ್ಡ್-ರೆಡಿ ಕಂಪೋಸರ್ (ಭಾರತೀಯ ಲಿಪಿಗಳನ್ನೂ ಸರಿಯಾಗಿ ಜೋಡಿಸುವ ಆಯ್ಕೆ) ಆರಿಸಿದರೆ ಸರಿಹೋಗುತ್ತದೆ. ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ ಹಳೆಯ ಕಡತದ ಪಠ್ಯ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ, ಮೊದಲು ಯೂನಿಕೋಡಿಗೆ ಪರಿವರ್ತಿಸಿ.

ಹೊಸ ಫಾಂಟ್ ಸಿಕ್ಕಾಗ ಮೊದಲು ಟೈಪಿಸಬೇಕಾದ ಸಾಲು ಇದು: ‘ರಾಷ್ಟ್ರೀಯ ಸ್ತ್ರೀ ವೈಶಿಷ್ಟ್ಯ ಸೂರ್ಯ ರ‍್ಯಾಂಕ್ ಕರ್ತೃ ಫ಼ೋನ್ ೧೦೦’. ಸೂರ್ಯದಲ್ಲಿ ಅರ್ಕಾವತ್ತು ಬರಬೇಕು, ರ‍್ಯಾಂಕ್‌ನಲ್ಲಿ ಬರಬಾರದು. ಫ಼ದ ಚುಕ್ಕೆಗಳು ಅಕ್ಷರಕ್ಕೆ ಅಂಟಬಾರದು. ೧೦೦ರಲ್ಲಿರುವುದು ಸೊನ್ನೆಯೋ ಅನುಸ್ವಾರವೋ ಎಂದೂ ನೋಡಿ. ಎರಡೂ ದುಂಡಗಿರುವುದರಿಂದ ಟೈಪಿಸುವವರು ಅದಲುಬದಲು ಮಾಡುವುದುಂಟು. ಆಮೇಲೆ ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಜಾಗ) 50ಕ್ಕೆ ಏರಿಸಿ: ‘ಸ್ತ್ರೀ’ಯ ದೀರ್ಘ ತನ್ನ ಅಕ್ಷರ ಬಿಟ್ಟು ದೂರ ಸರಿದರೆ ಟ್ರ್ಯಾಕಿಂಗನ್ನು ಸೊನ್ನೆಗೆ ತಂದು, ಪದಗಳ ನಡುವಿನ ಜಾಗವನ್ನು ಮಾತ್ರ ಹೆಚ್ಚಿಸಿ. ಕೊನೆಗೆ ಅದೇ ಸಾಲನ್ನು 9 ಪಾಯಿಂಟಿನಲ್ಲಿ, ನೂರಕ್ಕೆ ನೂರು ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಒತ್ತುಗಳು ಒಂದಕ್ಕೊಂದು ಅಂಟದೆ ಸ್ಪಷ್ಟವಾಗಿ ಕಾಣುತ್ತವೆಯೇ ನೋಡಿ.