ನಿಯೋ-6ಎಂ ಜಿಪಿಎಸ್ ಮಾಡ್ಯೂಲ್: ಸೌಂಡ್ ಕಾರ್ಡಿನ ಗಡಿಯಾರ ಅಳೆಯಲು ಬಳಸಿ ನೋಡಿದ ಮೇಲೆ

ಸೌಂಡ್ ಕಾರ್ಡಿನ ಔಟ್‌ಪುಟ್ಟನ್ನು ಅದರದೇ ಇನ್‌ಪುಟ್ಟಿಗೆ ಜೋಡಿಸಿ ಗಡಿಯಾರದ ತಪ್ಪು ಅಳೆದರೆ ಉತ್ತರ ಯಾವಾಗಲೂ ಸೊನ್ನೆ. ಎರಡಕ್ಕೂ ತಾಳ ಕೊಡುವುದು ಒಂದೇ ಕ್ರಿಸ್ಟಲ್ (ಗಡಿಯಾರದ ಸ್ಫಟಿಕ), ತಪ್ಪಿದರೆ ಒಟ್ಟಿಗೇ ತಪ್ಪುತ್ತವೆ. ಹೊರಗಿನ ಸಾಕ್ಷಿ ಬೇಕು. ಅದಕ್ಕೆ ಈ ಮಾಡ್ಯೂಲ್ ಧಾರಾಳ ಸಾಕು: ಉಪಗ್ರಹ ಸಿಕ್ಕ ಮೇಲೆ ಸೆಕೆಂಡಿಗೊಂದು ಪಲ್ಸ್ ಕೊಡುತ್ತದೆ, ತಪ್ಪು ಸುಮಾರು 30 ನ್ಯಾನೊಸೆಕೆಂಡ್. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48000 ಸಲ ಧ್ವನಿ ಅಳೆಯುವಾಗ) ಒಂದು ಸ್ಯಾಂಪಲ್ಲೇ, ಅಂದರೆ ಒಂದು ಅಳತೆಯೇ, 20.8 ಮೈಕ್ರೊಸೆಕೆಂಡ್; ಅದರ ಮುಂದೆ ಪಲ್ಸಿನ ತಪ್ಪು ಲೆಕ್ಕಕ್ಕಿಲ್ಲ.

ಪಿಪಿಎಸ್ ಪಿನ್ (ಸೆಕೆಂಡಿನ ಪಲ್ಸ್ ಹೊರಬರುವ ಕಾಲು) ಇರುವ ಬೋರ್ಡನ್ನೇ ಕೊಳ್ಳಿ. ನಾಲ್ಕೇ ಪಿನ್ ಇದ್ದರೆ ಮಾಡ್ಯೂಲಿನ 3ನೇ ಕಾಲಿಗೆ ತೆಳು ತಂತಿ ಬೆಸೆಯಬೇಕಾಗುತ್ತದೆ, ಪಕ್ಕದ ಕಾಲಿಗೆ ತಾಗುವ ಅಪಾಯ ಇದ್ದೇ ಇದೆ. ಪಲ್ಸ್ 3.3 ವೋಲ್ಟ್. ಸರಣಿಯಲ್ಲಿ 10 ಕಿಲೋಓಮ್, ಗ್ರೌಂಡಿಗೆ 1 ಕಿಲೋಓಮ್ ಹಾಕಿದರೆ 0.3 ವೋಲ್ಟಿಗೆ ಇಳಿಯುತ್ತದೆ. ಅದನ್ನು ಲೈನ್ ಇನ್‌ಗೆ ಕೊಡಿ, ಮೈಕ್ ಜಾಕಿಗೆ ಬೇಡ. ಆಂಟೆನಾ ಕಿಟಕಿಯಾಚೆ ಇರಲಿ.

ಪ್ರೋಗ್ರಾಮಿಗೆ ಪೈಥಾನ್ ಮತ್ತು ಅದರ ಲೈಬ್ರರಿಗಳಾದ ಸೌಂಡ್‌ಡಿವೈಸ್, ನಂಪೈ ಇದ್ದರಾಯಿತು. ಕಾರ್ಡ್ ಅರ್ಧ ಗಂಟೆ ಬಿಸಿಯಾಗಲಿ, ಆಮೇಲೆ 1000 ಸೆಕೆಂಡ್ ರೆಕಾರ್ಡ್ ಮಾಡಿ. ಲೈನ್ ಇನ್ ಡಿಸಿಯನ್ನು (ಬದಲಾಗದ ವೋಲ್ಟೇಜನ್ನು) ತಡೆಯುವುದರಿಂದ ಪಲ್ಸ್ ಚೌಕವಾಗಿ ಕಾಣದು: ಏರುವಾಗ ಒಂದು ಮುಳ್ಳು, 100 ಮಿಲಿಸೆಕೆಂಡ್ ಬಿಟ್ಟು ಇಳಿಯುವಾಗ ಉಲ್ಟಾ ಇನ್ನೊಂದು. ಮೊದಲನೆಯದನ್ನೇ ಹಿಡಿಯಿರಿ. ಅದು ಅರ್ಧ ಎತ್ತರ ದಾಟುವ ಜಾಗವನ್ನು ಅಕ್ಕಪಕ್ಕದ ಎರಡು ಸ್ಯಾಂಪಲ್ ನಡುವೆ ಲೆಕ್ಕ ಹಾಕಿ, ಸೆಕೆಂಡಿನ ಎದುರು ಆ ಸ್ಥಾನಗಳನ್ನಿಟ್ಟು ಎಲ್ಲ ಪಲ್ಸುಗಳಿಗೂ ನಂಪೈಯ ಪಾಲಿಫಿಟ್‌ನಿಂದ ಒಂದು ಸರಳರೇಖೆ ಎಳೆಯಿರಿ. ಆ ರೇಖೆಯ ಇಳಿಜಾರೇ ನಿಜವಾದ ಸ್ಯಾಂಪಲ್ ರೇಟ್. 48000.96 ಬಂದರೆ 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಭಾಗ) ವೇಗ, ಅಂದರೆ ಗಂಟೆಗೆ 72 ಮಿಲಿಸೆಕೆಂಡ್. ರಾತ್ರಿಯಿಡೀ ನಡೆಯುವ ಯಕ್ಷಗಾನದ ಧ್ವನಿಯನ್ನು ಇಂಥ ಕಾರ್ಡಿನಲ್ಲಿ ಬೇರೆಯಾಗಿ ಹಿಡಿದರೆ, ಕ್ಯಾಮೆರಾ ಸರಿಯಿದ್ದರೂ 8 ಗಂಟೆಯ ಹೊತ್ತಿಗೆ ಕೋಲು ಬಿದ್ದು ಅರ್ಧ ಸೆಕೆಂಡ್ ಕಳೆದ ಮೇಲೆ ಚೆಂಡೆ ಕೇಳಿಸುತ್ತದೆ.

ಎಡವುವುದು ಹೆಚ್ಚಾಗಿ ಪ್ರೋಗ್ರಾಮಿನಲ್ಲೇ. 512 ಸ್ಯಾಂಪಲ್ಲಿನ ಒಂದೇ ಒಂದು ಬ್ಲಾಕ್ ಕಳೆದುಹೋದರೂ 1000 ಸೆಕೆಂಡಿನ ಒಟ್ಟು ಎಣಿಕೆಯಲ್ಲಿ 10.7 ಪಿಪಿಎಂ ತಪ್ಪು ಸೇರಿಕೊಳ್ಳುತ್ತದೆ. ಕಾಲ್‌ಬ್ಯಾಕ್‌ನ (ಪ್ರತಿ ಬ್ಲಾಕ್ ಬಂದಾಗ ಓಡುವ ಫಂಕ್ಷನ್ನಿನ) ಸ್ಟೇಟಸ್ ಪ್ರತಿ ಸಲ ನೋಡಲೇಬೇಕು. ರೇಖೆಯಿಂದ ಉಳಿದ ವ್ಯತ್ಯಾಸಗಳ ಗ್ರಾಫ್ ಹಾಕಿದರೆ ಇಂಥ ನಷ್ಟ ಮೆಟ್ಟಿಲಿನ ಹಾಗೆ ಎದ್ದು ಕಾಣುತ್ತದೆ. ಸ್ಯಾಂಪಲ್ ಸ್ಥಾನಗಳನ್ನು 32 ಬಿಟ್ ಫ್ಲೋಟ್‌ನಲ್ಲಿ ಇಟ್ಟರೆ 1,67,77,216 ದಾಟಿದ ಮೇಲೆ, ಅಂದರೆ 350ನೇ ಸೆಕೆಂಡಿನಿಂದಾಚೆ, ಪಕ್ಕಪಕ್ಕದ ಸ್ಯಾಂಪಲ್ಲುಗಳೇ ಬೇರೆಯಾಗಿ ಉಳಿಯವು. ಭಿನ್ನಾಂಶ ಅದಕ್ಕೂ ಮೊದಲೇ ಸವೆದಿರುತ್ತದೆ. 64 ಬಿಟ್ ಬಳಸಿ. ವಿಂಡೋಸ್‌ನ ಶೇರ್ಡ್ ಮೋಡ್ ಸ್ಯಾಂಪಲ್ ರೇಟನ್ನೇ ಬದಲಿಸಿ ಕೊಡಬಹುದು, ಆದ್ದರಿಂದ ಎಕ್ಸ್‌ಕ್ಲೂಸಿವ್ ಮೋಡ್ ಬೇಕು. ಲಿನಕ್ಸ್‌ನಲ್ಲಾದರೆ ನೇರ ಅಲ್ಸಾ (ಅದರ ಮೂಲ ಧ್ವನಿ ವ್ಯವಸ್ಥೆ) ಸಾಧನ.

ಜಿಟ್ಟರ್ (ಗಡಿಯಾರದ ಕ್ಷಣಕ್ಷಣದ ನಡುಕ) ಅಳೆಯಲು ಮಾತ್ರ ಈ ಪಲ್ಸ್ ಬೇಡ. ಅದಕ್ಕೆ 12 ಕಿಲೋಹರ್ಟ್ಸ್ ಶುದ್ಧ ಸ್ವರ ಹಾಕಿ, ಎಫ್‌ಎಫ್‌ಟಿಯಲ್ಲಿ (ಧ್ವನಿಯನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಅದರ ಎರಡೂ ಪಕ್ಕದ ಮುಳ್ಳುಗಳನ್ನು ನೋಡಿ. ಅವು ಸ್ವರಕ್ಕಿಂತ 88.5 ಡೆಸಿಬೆಲ್ ಕೆಳಗಿದ್ದರೆ ಜಿಟ್ಟರಿನ ಗರಿಷ್ಠ ಮೌಲ್ಯ (ಪೀಕ್) 1 ನ್ಯಾನೊಸೆಕೆಂಡ್.